ಸಂಬಳವಿಲ್ಲದ ದುಡಿಮೆಯ ಮೇಲೆ ನಿಂತ ಶಾಲೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ನಗರಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಕಥೋಲಿಕ ಚರ್ಚಿನ ಮಗ್ಗುಲಲ್ಲಿಯೇ ಒಂದು ಶಾಲೆ ಇರುವುದು ಬಹುಕಾಲದಿಂದ ಬಂದ ಏರ್ಪಾಡು. ಒಬ್ಬ ಗುರುವಿನ ಹೊಣೆಗೆ ಒಪ್ಪಿಸಿದ ಪ್ರದೇಶವನ್ನೂ ಅಲ್ಲಿನ ಭಕ್ತ ಸಮುದಾಯವನ್ನೂ ಸೇರಿಸಿ ಕಥೋಲಿಕರು ಧರ್ಮಕೇಂದ್ರ ಎಂದು ಕರೆಯುತ್ತಾರೆ; ಇಂತಹ ಹಲವು ಧರ್ಮಕೇಂದ್ರಗಳು ಸೇರಿ ಬಿಷಪರ ಅಧೀನದಲ್ಲಿರುವ ಧರ್ಮಪ್ರಾಂತವಾಗುತ್ತದೆ. ಧರ್ಮಕೇಂದ್ರವೊಂದು ತನ್ನ ನಿವೇಶನದಲ್ಲಿ, ತನ್ನ ಹೊಣೆಯಲ್ಲಿ ನಡೆಸುವ ಶಾಲೆಯಲ್ಲಿ ಸಾಮಾನ್ಯವಾಗಿ ಶಿಶುವಿಹಾರದಿಂದ ಎಂಟನೆಯ ತರಗತಿಯವರೆಗೆ ಪಾಠ ನಡೆಯುತ್ತದೆ. ಸಣ್ಣ ಶಾಲೆಯಾದರೆ ಪ್ರತಿ ತರಗತಿಗೂ ಒಂದೇ ವಿಭಾಗವಿದ್ದು, ಎಲ್ಲ ಮಕ್ಕಳ ಹೆಸರೂ ಎಲ್ಲ ಶಿಕ್ಷಕರಿಗೆ ಗೊತ್ತಿರುತ್ತದೆ. ಅಲ್ಲಿ ಮಧ್ಯಾಹ್ನ ಊಟ ಹಂಚುವವರು, ಆಟದ ಬಿಡುವಿನಲ್ಲಿ ಅಂಗಳದಲ್ಲಿ ಕಾವಲು ನಿಲ್ಲುವವರು, ಗ್ರಂಥಾಲಯದ ಪುಸ್ತಕಗಳನ್ನು ಮರಳಿ ಜೋಡಿಸುವವರು, ಬಾಸ್ಕೆಟ್‌ಬಾಲ್ ಕಲಿಸುವವರು ಹೆಚ್ಚಾಗಿ ಮಕ್ಕಳ ತಾಯಿತಂದೆಯರು, ಅಜ್ಜ ಅಜ್ಜಿಯರು, ಇಲ್ಲವೆ ಅದೇ ಶಾಲೆಯಲ್ಲಿ ಓದಿ ಈಗ ನಿವೃತ್ತರಾದವರು. ಈ ಸ್ವಯಂಸೇವೆಯನ್ನು ಸಮುದಾಯದ ಸದ್ಗುಣವೆಂದು ಹೊಗಳುವುದು ವಾಡಿಕೆಯಾದರೂ, ಶಾಲೆಗಳ ಆಯವ್ಯಯದ ಚರಿತ್ರೆಯನ್ನು ನೋಡಿದರೆ ಅದು ಮೊದಲು ಅನಿವಾರ್ಯವಾಗಿ ಹುಟ್ಟಿ, ಸದ್ಗುಣದ ಹೆಸರನ್ನು ಆಮೇಲೆ ಪಡೆಯಿತೆಂದು ಹೇಳಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡ್, ಜರ್ಮನಿ, ಪೋಲೆಂಡ್, ಇಟಲಿಗಳಿಂದ ಅಮೆರಿಕಕ್ಕೆ ಬಂದಿಳಿದ ಕಥೋಲಿಕರು ಬಹುಪಾಲು ಬಡ ಕೂಲಿಕಾರರಾಗಿದ್ದರು. ಆಗಿನ ಸಾರ್ವಜನಿಕ ಶಾಲೆಗಳು ಹೆಸರಿಗೆ ಎಲ್ಲರವಾಗಿದ್ದರೂ ಅಲ್ಲಿ ಪ್ರೊಟೆಸ್ಟೆಂಟರು ಮಾನ್ಯಮಾಡಿದ ಬೈಬಲ್ ಪಾಠವನ್ನೇ ಓದಿಸಲಾಗುತ್ತಿತ್ತು. ಈ ಜಗಳವೂ ವಲಸೆಗಾರರ ಮೇಲಿನ ದ್ವೇಷವೂ ಕೂಡಿಕೊಂಡು 1844ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಗಲಭೆಗಳಾಗಿ, ಕಥೋಲಿಕ ಚರ್ಚುಗಳಿಗೆ ಬೆಂಕಿ ಬಿದ್ದು, ಹಲವರು ಪ್ರಾಣ ಕಳೆದುಕೊಂಡರು. ಎಲಿಜಬೆತ್ ಆ್ಯನ್ ಸೀಟನ್ ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್‌ನಲ್ಲಿ 1810ರಲ್ಲಿಯೇ ಬಡ ಹೆಣ್ಣುಮಕ್ಕಳಿಗೆ ಉಚಿತ ಶಾಲೆ ತೆರೆದಿದ್ದರು. 1852ರಲ್ಲಿ ಫಿಲಡೆಲ್ಫಿಯಾದ ಬಿಷಪರಾದ ಜಾನ್ ನ್ಯೂಮನ್ ಚದರಿದ್ದ ಧರ್ಮಕೇಂದ್ರ ಶಾಲೆಗಳನ್ನು ಒಂದು ಧರ್ಮಪ್ರಾಂತದ ವ್ಯವಸ್ಥೆಯೊಳಗೆ ತಂದರು. ಕೊನೆಗೆ 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಬಿಷಪರ ಮೂರನೆಯ ಮಹಾಸಭೆಯು ಪ್ರತಿ ಧರ್ಮಕೇಂದ್ರವೂ ಎರಡು ವರ್ಷದೊಳಗೆ ತನ್ನದೇ ಶಾಲೆಯನ್ನು ಕಟ್ಟಬೇಕೆಂದು ವಿಧಿಸಿತು. ಆ ವಿಧಿ ಎಲ್ಲೆಡೆ ಪಾಲನೆಯಾಗಲಿಲ್ಲವಾದರೂ ದಿನಗೂಲಿಯವರ ಸಣ್ಣ ಸಣ್ಣ ವಂತಿಗೆಗಳಿಂದ, ಸರ್ಕಾರದ ಕಾಸಿಲ್ಲದೆ, ಸಾವಿರಾರು ಕಟ್ಟಡಗಳು ಎದ್ದವು.

ಕಟ್ಟಡ ಏಳುವುದಕ್ಕಿಂತ ಅದರೊಳಗೆ ಪಾಠ ನಡೆಯುವುದು ಕಷ್ಟ, ಏಕೆಂದರೆ ಶಿಕ್ಷಕರ ಸಂಬಳ ವರ್ಷವರ್ಷವೂ ಬರುವ ಖರ್ಚು. ಈ ಖರ್ಚನ್ನು ಇಲ್ಲವೆನ್ನುವಷ್ಟು ಕೆಳಗಿಳಿಸಿದವರು ಕನ್ಯಾಸ್ತ್ರೀಯರು, ಎಂದರೆ ಬಡತನ, ಬ್ರಹ್ಮಚರ್ಯ ಮತ್ತು ವಿಧೇಯತೆಯ ವ್ರತ ತೊಟ್ಟು ಸಂಘಜೀವನ ನಡೆಸುವ ಧರ್ಮಭಗಿನಿಯರು. ಚರ್ಚಿನ ಪಕ್ಕದ ಮಠದಲ್ಲಿ ವಾಸವಿದ್ದು, ಜೀವನಕ್ಕೆ ಸಾಲುವಷ್ಟು ಅಲ್ಪ ಭತ್ಯೆಯನ್ನು ಮಾತ್ರ ಸಂಘದ ಹೆಸರಿನಲ್ಲಿ ಪಡೆದು, ಐವತ್ತು ಅರವತ್ತು ಮಕ್ಕಳ ತರಗತಿಗಳನ್ನು ಅವರು ನಡೆಸಿದರು. ದೇಶದಲ್ಲಿ ಸುಮಾರು 1,80,000 ಕನ್ಯಾಸ್ತ್ರೀಯರಿದ್ದ 1965ರ ಹೊತ್ತಿಗೆ ಕಥೋಲಿಕ ಶಾಲೆಗಳಲ್ಲಿ ಸುಮಾರು 52 ಲಕ್ಷ ಮಕ್ಕಳು ಓದುತ್ತಿದ್ದರು. ಅದೇ ಆ ವ್ಯವಸ್ಥೆಯ ಉಚ್ಛ್ರಾಯ ಕಾಲ. ಮುಂದಿನ ವರ್ಷಗಳಲ್ಲಿ ಕಥೋಲಿಕ ಕುಟುಂಬಗಳು ನಗರದ ಹಳೆಯ ಕೇರಿಗಳನ್ನು ಬಿಟ್ಟು ಹೊರವಲಯದ ಬಡಾವಣೆಗಳಿಗೆ ಹೋದವು, ಹುಟ್ಟುವ ಮಕ್ಕಳ ಸಂಖ್ಯೆ ಇಳಿಯಿತು, ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ನಂತರದ ಬದಲಾವಣೆಯ ಗಾಳಿಯಲ್ಲಿ ಅನೇಕರು ವ್ರತಜೀವನವನ್ನು ಬಿಟ್ಟರು ಮತ್ತು ಹೊಸಬರು ಬರುವುದು ಕಡಿಮೆಯಾಯಿತು. ಇಂದು ಆ ದೇಶದಲ್ಲಿ ಕನ್ಯಾಸ್ತ್ರೀಯರ ಸಂಖ್ಯೆ 40,000ಕ್ಕಿಂತ ಕೆಳಗಿದ್ದು, ಅವರಲ್ಲಿ ಬಹುಪಾಲು ವೃದ್ಧರು. ಸುಮಾರು 13,000 ಇದ್ದ ಶಾಲೆಗಳು 6,000ಕ್ಕೂ ಕಡಿಮೆಯಾಗಿ, ಮಕ್ಕಳ ಸಂಖ್ಯೆ 17 ಲಕ್ಷದ ಆಸುಪಾಸಿಗೆ ಇಳಿದಿದೆ. ತರಗತಿಗಳಲ್ಲಿ ಪಾಠ ಹೇಳುವವರು ಹೆಚ್ಚುಕಡಿಮೆ ಎಲ್ಲರೂ ಸಂಬಳಕ್ಕೆ ದುಡಿಯುವ ಗೃಹಸ್ಥರು.

ಸಂಬಳದ ಭಾರ ಒಮ್ಮೆಲೇ ಮೈಮೇಲೆ ಬಿದ್ದಾಗ ರಾಜ್ಯ ಸರ್ಕಾರಗಳ ನೆರವಿನ ದಾರಿಯೂ ಮುಚ್ಚಿತು. ಧರ್ಮಸಂಸ್ಥೆಗಳ ಶಾಲೆಗಳಲ್ಲಿ ಲೌಕಿಕ ವಿಷಯ ಕಲಿಸುವ ಶಿಕ್ಷಕರ ಸಂಬಳಕ್ಕೆ ಸಾರ್ವಜನಿಕ ಹಣ ಸೇರಿಸುವ ಕಾನೂನುಗಳು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟು 1971ರಲ್ಲಿ, ಲೆಮನ್ ವಿರುದ್ಧ ಕರ್ಟ್ಜ್‌ಮನ್ ಎಂಬ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ಕನ್ನಡ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು, ಏಕೆಂದರೆ ಭಾರತದ ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟುವ ಹಕ್ಕನ್ನು ಕೊಟ್ಟಿರುವುದಲ್ಲದೆ, ಅನುದಾನ ಕೊಡುವಾಗ ಅಂತಹ ಶಾಲೆಗಳ ಬಗ್ಗೆ ತಾರತಮ್ಯ ಮಾಡಬಾರದೆಂದೂ ಹೇಳುತ್ತದೆ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರೂ, 1921ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಬೆಥನಿ ಸಂಘದವರೂ ಹಬ್ಬಿಸಿದ ಶಾಲೆಗಳು ಮತ್ತು ಕರಾವಳಿಯ ಚರ್ಚುಗಳ ಶಾಲೆಗಳು ಗಣನೀಯ ಪ್ರಮಾಣದಲ್ಲಿ ಅನುದಾನಿತವಾದವು. ಅನುದಾನಿತ ಶಾಲೆಯ ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡುವುದರಿಂದ ಊರವರ ನೆರವು ಕಟ್ಟಡ, ಆಟದ ಮೈದಾನ, ಹಳೆಯ ವಿದ್ಯಾರ್ಥಿಗಳ ದತ್ತಿಯ ಕಡೆಗೆ ಹರಿಯಿತು. ಅನುದಾನಕ್ಕೂ ಹಿಂದಿನ ಭಾರತದ ಉದಾಹರಣೆ ಬೇಕಾದರೆ ಕೇರಳವನ್ನು ನೋಡಬೇಕು: ಚಾವರ ಕುರಿಯಾಕೋಸ್ ಏಲಿಯಾಸ್ ಎಂಬ ಗುರುಗಳು 1864ರಲ್ಲಿ ಪ್ರತಿ ಚರ್ಚಿಗೂ ಒಂದು ಶಾಲೆ ಇರಬೇಕೆಂದು ಆಜ್ಞಾಪಿಸಿದಾಗ, ಬಡ ಮಕ್ಕಳ ಊಟಕ್ಕೆ ಒದಗಿದ್ದು ಗೃಹಿಣಿಯರು ದಿನವೂ ಅಡುಗೆಗೆ ಅಳೆದ ಅಕ್ಕಿಯಲ್ಲಿ ಒಂದು ಹಿಡಿಯನ್ನು ತೆಗೆದಿಡುವ ಪಿಡಿಯರಿ ಎಂಬ ಪದ್ಧತಿ.

ಅಮೆರಿಕದ ಧರ್ಮಕೇಂದ್ರಗಳಲ್ಲಿ ಆ ಹಿಡಿ ಅಕ್ಕಿಯ ಸ್ಥಾನವನ್ನು ಹಿಡಿದಿರುವುದು ಮೀನು. ಈಸ್ಟರ್ ಹಬ್ಬದ ಹಿಂದಿನ ಸುಮಾರು ನಲವತ್ತು ದಿನಗಳನ್ನು ಕಥೋಲಿಕರು ತಪಸ್ಸುಕಾಲವೆಂದು ಆಚರಿಸುತ್ತಾರೆ. ಆ ಕಾಲದ ಶುಕ್ರವಾರಗಳಲ್ಲಿ ಹದಿನಾಲ್ಕು ವರ್ಷ ದಾಟಿದವರು ಮಾಂಸ ತಿನ್ನಬಾರದೆಂದು ಧರ್ಮಸಭೆಯ ನಿಯಮವಿದ್ದು, ಮೀನಿಗೆ ಮಾತ್ರ ಈ ನಿಷೇಧವಿಲ್ಲ. ವರ್ಷದ ಎಲ್ಲ ಶುಕ್ರವಾರಗಳಿಗೂ ಇದ್ದ ಈ ಕಟ್ಟಳೆಯನ್ನು ಅಮೆರಿಕದ ಬಿಷಪರು 1966ರಲ್ಲಿ ಸಡಿಲಿಸಿದರು. ಅದಕ್ಕೆ ಮೊದಲು ಅದರ ಬಿಗಿ ಎಷ್ಟಿತ್ತೆಂದರೆ, ಕಥೋಲಿಕರೇ ತುಂಬಿದ್ದ ಸಿನ್ಸಿನಾಟಿಯ ಒಂದು ಬಡಾವಣೆಯಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ನಡೆಸುತ್ತಿದ್ದ ಲೂ ಗ್ರೋನ್ ಎಂಬುವರು ಶುಕ್ರವಾರದ ವ್ಯಾಪಾರ ಬಿದ್ದುಹೋಗುವುದನ್ನು ತಾಳಲಾರದೆ 1962ರಲ್ಲಿ ಮೀನಿನ ಬರ್ಗರನ್ನು ರೂಪಿಸಿದರು. ಜಗತ್ತಿನಾದ್ಯಂತ ಮಾರಾಟವಾಗುತ್ತಿರುವ ಆ ತಿನಿಸಿನ ಮೂಲ ಇಂತಹ ಒಂದು ವ್ರತದಲ್ಲಿದೆ. ಮಿಲ್ವಾಕಿ, ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಕ್ಲೀವ್‌ಲ್ಯಾಂಡ್ ಮೊದಲಾದ ನಗರಗಳಲ್ಲಿ ತಪಸ್ಸುಕಾಲದ ಶುಕ್ರವಾರ ಸಂಜೆ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿಯೋ ಶಾಲೆಯ ಊಟದ ಕೋಣೆಯಲ್ಲಿಯೋ ಹುರಿದ ಮೀನಿನ ಊಟ ಏರ್ಪಡುತ್ತದೆ. ಮೀನಿನ ಜೊತೆಗೆ ಎಲೆಕೋಸಿನ ಪಚಡಿ, ಚೀಸು ಬೆರೆಸಿದ ಮ್ಯಾಕರೋನಿ, ಪೋಲಿಷ್ ಮತ್ತು ಸ್ಲೊವಾಕ್ ಮೂಲದವರು ಹೆಚ್ಚಿರುವ ಪಿಟ್ಸ್‌ಬರ್ಗ್‌ನಲ್ಲಿ ಆಲೂಗಡ್ಡೆ ತುಂಬಿದ ಪಿಯೆರೋಗಿ ಎಂಬ ಕಡುಬು, ಜರ್ಮನ್ನರ ಮಿಲ್ವಾಕಿಯಲ್ಲಿ ಆಲೂಗಡ್ಡೆಯ ದೋಸೆಯಂತಹ ತಿನಿಸು ಇರುತ್ತವೆ. ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವುದು ಸಾಮಾನ್ಯವಾಗಿ ಗಂಡಸರ ಪಾಲು. ತಟ್ಟೆಗೆ ಬಡಿಸುವವರು, ಹಣ ಎಣಿಸುವವರು, ಮನೆಯಿಂದ ಕೇಕು ಬೇಯಿಸಿ ತಂದು ಮಾರುವವರು ಬೇರೆ. ಮೇಲಿನ ತರಗತಿಯ ಮಕ್ಕಳು ಮೇಜು ಒರೆಸಿ, ವೃದ್ಧರ ತಟ್ಟೆಗಳನ್ನು ಹೊತ್ತೊಯ್ಯುತ್ತಾರೆ. ಉಣ್ಣಲು ಬರುವವರಲ್ಲಿ ಕಥೋಲಿಕರಲ್ಲದ ನೆರೆಹೊರೆಯವರೂ ಬಹಳ ಮಂದಿ. ಉಪವಾಸದ ಕಾಲದಲ್ಲಿ ಹೊಟ್ಟೆ ತುಂಬ ಉಣ್ಣುವ ಈ ಸಂಪ್ರದಾಯದ ವಿರೋಧಾಭಾಸ ಅಲ್ಲಿಯವರಿಗೂ ಗೊತ್ತಿಲ್ಲದ್ದಲ್ಲ. ಉಳಿದ ಲಾಭ ಶಾಲೆಯ ಖಾತೆಗೆ ಸೇರುವುದರಿಂದ ಯಾರೂ ಅದನ್ನು ಹೆಚ್ಚು ಕೆದಕುವುದಿಲ್ಲ.

ಹಣ ಕೂಡಿಸುವ ಬೇರೆ ಉಪಾಯಗಳೂ ಇವೆ. ದಿನಸಿ ಅಂಗಡಿಗಳ ಉಡುಗೊರೆ ಚೀಟಿಗಳನ್ನು ಶಾಲೆಯು ರಿಯಾಯಿತಿಯಲ್ಲಿ ಕೊಂಡು ಪೋಷಕರಿಗೆ ಮುಖಬೆಲೆಗೆ ಮಾರಿ ಅಂತರವನ್ನು ಉಳಿಸಿಕೊಳ್ಳುವುದು, ಬಿಂಗೊ ಆಟ, ಬೇಸಗೆಯ ಜಾತ್ರೆ ಅವುಗಳಲ್ಲಿ ಕೆಲವು. ಆಟದ ತಂಡಗಳ ಹಿಂದೆ 1930ರಲ್ಲಿ ಷಿಕಾಗೋದಲ್ಲಿ ಬಿಷಪ್ ಬರ್ನಾರ್ಡ್ ಶೀಲ್ ಆರಂಭಿಸಿದ ಕಥೋಲಿಕ ಯುವ ಸಂಘಟನೆಯ ಪರಂಪರೆಯಿದ್ದು, ಆ ತಂಡಗಳ ತರಬೇತಿದಾರರೂ ಹೆಚ್ಚಾಗಿ ಕೆಲಸ ಮುಗಿಸಿ ಸಂಜೆ ಬರುವ ತಂದೆತಾಯಿಯರೇ.

ಈ ಚಿತ್ರದಲ್ಲಿ ಮೆಚ್ಚುವವರು ಹೆಚ್ಚಾಗಿ ಗಮನಿಸದ ಒಂದು ಅಂಶವಿದೆ. ಅನೇಕ ಶಾಲೆಗಳು ಪ್ರತಿ ಕುಟುಂಬವೂ ವರ್ಷಕ್ಕೆ ಇಂತಿಷ್ಟು ಗಂಟೆ ಸೇವೆ ಸಲ್ಲಿಸಬೇಕೆಂದು ಪ್ರವೇಶದ ಒಪ್ಪಂದದಲ್ಲಿಯೇ ಬರೆಸಿಕೊಳ್ಳುತ್ತವೆ. ಸಲ್ಲಿಸದ ಗಂಟೆಗಳಿಗೆ ಹಣ ಕಟ್ಟಬೇಕಾಗುತ್ತದೆ. ಗಂಟೆಗಳ ಲೆಕ್ಕ ಬರೆದಿಟ್ಟು, ತಪ್ಪಿದರೆ ದಂಡ ತೆರುವ ದುಡಿಮೆಯನ್ನು ಸ್ವಯಂಸೇವೆ ಎನ್ನುವುದಕ್ಕಿಂತ ಶುಲ್ಕದ ಒಂದು ಭಾಗವೆನ್ನುವುದು ಪ್ರಾಮಾಣಿಕವಾದೀತು. ಅನುಕೂಲಸ್ಥರು ಹಣ ಕೊಟ್ಟು ಬಿಡುಗಡೆ ಪಡೆಯಬಲ್ಲರು. ಎರಡು ಪಾಳಿ ದುಡಿಯುವ ಒಂಟಿ ತಾಯಿಗೆ ಹಣವೂ ಕಷ್ಟ, ಸಮಯವೂ ಕಷ್ಟ. ಇದನ್ನರಿತ ಶಾಲೆಗಳು ವಾರಾಂತ್ಯದ ಸ್ವಚ್ಛತೆ, ಮನೆಯಲ್ಲಿ ಕುಳಿತು ಮಾಡಬಹುದಾದ ಕತ್ತರಿ-ಅಂಟಿನ ಕೆಲಸ ಇವುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಇನ್ನೂ ಆಳಕ್ಕೆ ಹೋದರೆ, ಒಂದು ಕಾಲಕ್ಕೆ ಕನ್ಯಾಸ್ತ್ರೀಯರ ಸಂಬಳವಿಲ್ಲದ ದುಡಿಮೆಯಿಂದ ನಡೆದ ಶಾಲೆ ಈಗ ಬಹುಮಟ್ಟಿಗೆ ತಾಯಂದಿರ ಸಂಬಳವಿಲ್ಲದ ದುಡಿಮೆಯನ್ನು ನೆಚ್ಚಿದೆ ಎಂಬುದು ಕಾಣುತ್ತದೆ. ಹೆಂಗಸರು ಹೊರಗೆ ದುಡಿಯುವುದು ಸಾಮಾನ್ಯವಾದ ಮೇಲೆ ಹಗಲಿನ ಕೆಲಸಗಳಿಗೆ ಜನ ಸಿಗುವುದು ದುರ್ಲಭವಾಗಿ, ಅಜ್ಜಿಯರ ಮತ್ತು ನಿವೃತ್ತರ ಪಾಲು ಹೆಚ್ಚಿತು.

2002ರ ನಂತರ ಸ್ವಯಂಸೇವೆಗೆ ಕಾಗದಪತ್ರಗಳೂ ಸೇರಿಕೊಂಡವು. ಗುರುಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಮತ್ತು ಅದನ್ನು ಮೇಲಿನವರು ಮುಚ್ಚಿಟ್ಟ ಸಂಗತಿಗಳು ಆ ವರ್ಷ ಬಾಸ್ಟನ್‌ನಲ್ಲಿ ಬಯಲಾದಾಗ, ಅಮೆರಿಕದ ಬಿಷಪರು ಡಲ್ಲಾಸ್‌ನಲ್ಲಿ ಸೇರಿ ಮಕ್ಕಳ ರಕ್ಷಣೆಯ ಸನ್ನದೊಂದನ್ನು ಅಂಗೀಕರಿಸಿದರು. ಅದರಂತೆ ಮಕ್ಕಳ ಒಡನಾಟವಿರುವ ಪ್ರತಿ ವಯಸ್ಕರ ಹಿನ್ನೆಲೆ ತಪಾಸಣೆಯಾಗಬೇಕು. ದೌರ್ಜನ್ಯದ ಲಕ್ಷಣಗಳನ್ನು ಗುರುತಿಸುವ ತರಬೇತಿಯನ್ನೂ ಅವರು ಪಡೆಯಬೇಕು. ಪರಿಚಯವೊಂದೇ ವಿಶ್ವಾಸಕ್ಕೆ ಸಾಕೆಂಬ ಹಳೆಯ ನಂಬಿಕೆ ಎಷ್ಟು ಅಪಾಯಕಾರಿಯಾಗಿತ್ತೆಂಬುದಕ್ಕೆ ಸಾಕ್ಷ್ಯ ಬಯಲಾಗಿದ್ದ ಮೇಲೆ, ಈ ಕ್ರಮವನ್ನು ಅನಗತ್ಯ ಕಿರಿಕಿರಿ ಎನ್ನುವಂತಿಲ್ಲ.

ಇಷ್ಟೆಲ್ಲ ಇದ್ದೂ ಒಟ್ಟಿಗೆ ಮೀನು ಹುರಿಯುವುದರಿಂದ ಮಕ್ಕಳ ಓದಿಗೆ ಏನಾದರೂ ಆಗುತ್ತದೆಯೆ ಎಂಬ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಗಂಭೀರವಾಗಿ ತೆಗೆದುಕೊಂಡರು. ಪ್ರೌಢಶಾಲೆಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅವರಿಗೆ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ನಡುವೆ ಸಾರ್ವಜನಿಕ ಶಾಲೆಗಳಲ್ಲಿ ನೂರಕ್ಕೆ 14.4ರಷ್ಟು, ಕಥೋಲಿಕ ಶಾಲೆಗಳಲ್ಲಿ 3.4ರಷ್ಟು, ಇತರ ಖಾಸಗಿ ಶಾಲೆಗಳಲ್ಲಿ 11.9ರಷ್ಟು ಮಕ್ಕಳು ಓದು ಬಿಡುವುದು ಕಂಡಿತು. ಖಾಸಗಿ ಶಾಲೆ ಎಂಬುದೇ ಕಾರಣವಾಗಿದ್ದರೆ ಕೊನೆಯ ಎರಡು ಸಂಖ್ಯೆಗಳ ನಡುವೆ ಇಷ್ಟು ಅಂತರ ಇರಬಾರದು. ಅವರು ಕೊಟ್ಟ ವಿವರಣೆಯೆಂದರೆ ಸಾಮಾಜಿಕ ಬಂಡವಾಳ: ಜನರ ನಡುವಿನ ಪರಿಚಯ, ನಂಬಿಕೆ ಮತ್ತು ಪರಸ್ಪರ ಋಣಗಳು ಹಣದಂತೆಯೇ ಕೆಲಸಕ್ಕೆ ಬರುವ ಸಂಪನ್ಮೂಲವಾಗುತ್ತವೆ ಎಂಬ ಕಲ್ಪನೆ. ಇಬ್ಬರು ಮಕ್ಕಳು ಗೆಳೆಯರಾಗಿದ್ದು ಅವರ ತಂದೆತಾಯಿಗಳೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರೆ, ಒಬ್ಬನ ಮಗ ಶಾಲೆ ತಪ್ಪಿಸಿದ ಸುದ್ದಿ ಇನ್ನೊಬ್ಬನ ಮನೆಯ ಮೂಲಕ ಸಂಜೆಯೊಳಗೆ ತಲಪುತ್ತದೆ; ದೊಡ್ಡವರ ಈ ಬಲೆ ಮುಚ್ಚಿಕೊಂಡಿರುವ ಕಡೆ ಮಗು ಜಾರಿಹೋಗುವುದು ಕಷ್ಟ. ಇಂತಹ ಶಾಲೆಗೆ ಮಕ್ಕಳನ್ನು ಕಳಿಸುವ ಕುಟುಂಬಗಳು ಮೊದಲೇ ಹೆಚ್ಚು ಕಾಳಜಿಯುಳ್ಳವು ಎಂಬ ಆಕ್ಷೇಪವನ್ನು ವಿಮರ್ಶಕರು ಎತ್ತಿದರು, ಅದರಲ್ಲಿ ಹುರುಳೂ ಇದೆ.

ಆ ಆಕ್ಷೇಪವನ್ನು ಬೇರೆ ದಾರಿಯಿಂದ ಎದುರಿಸಿದವರು ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಕಾನೂನು ವಿದ್ವಾಂಸರಾದ ಮಾರ್ಗರೆಟ್ ಬ್ರಿನಿಗ್ ಮತ್ತು ನಿಕೋಲ್ ಗಾರ್ನೆಟ್. 2014ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಮಕ್ಕಳ ಅಂಕಗಳನ್ನು ಬದಿಗಿಟ್ಟು, ಕಥೋಲಿಕ ಶಾಲೆ ಮುಚ್ಚಿದ ಕೇರಿಗೆ ಏನಾಗುತ್ತದೆಂದು ಕೇಳಿದರು. ಕೇರಿ ಹದಗೆಟ್ಟದ್ದರಿಂದಲೇ ಶಾಲೆ ಮುಚ್ಚಿರಬಹುದಲ್ಲವೆ ಎಂಬ ಶಂಕೆಯನ್ನು ನಿವಾರಿಸಲು, ಧರ್ಮಕೇಂದ್ರದ ಗುರುವಿನ ನೇಮಕ ಮತ್ತು ನಾಯಕತ್ವಕ್ಕೆ ಸಂಬಂಧಿಸಿದ ಸಂಗತಿಗಳಿಂದ ಯಾವ ಶಾಲೆಗಳು ಮುಚ್ಚುವ ಸಂಭವ ಹೆಚ್ಚಿತ್ತೆಂಬುದನ್ನು ಅವರು ಲೆಕ್ಕ ಹಾಕಿದರು. ಷಿಕಾಗೋದಲ್ಲಿ ಶಾಲೆ ಮುಚ್ಚಿದ ಕಡೆಗಳಲ್ಲಿ ನೆರೆಹೊರೆಯ ಒಗ್ಗಟ್ಟು ಕುಗ್ಗಿ ಅವ್ಯವಸ್ಥೆ ಹೆಚ್ಚಿದ್ದನ್ನು ಅವರು ಕಂಡರು. ಶಾಲೆಯಲ್ಲಿ ಮಗುವೇ ಇಲ್ಲದ ಮನೆಗಳಿಗೂ ಅದರ ಪ್ರಯೋಜನ ಸಲ್ಲುತ್ತಿತ್ತೆಂಬುದು ಇದರ ಅರ್ಥ.

ಶಾಲೆಗಳು ಮುಚ್ಚುವುದಂತೂ ನಿಂತಿಲ್ಲ. 2022ರಲ್ಲಿ ಅರಿಜೋನಾ, 2023ರಲ್ಲಿ ಫ್ಲಾರಿಡಾ ರಾಜ್ಯಗಳು ಖಾಸಗಿ ಶಾಲೆಯ ಶುಲ್ಕಕ್ಕೂ ಬಳಸಬಹುದಾದ ಸರ್ಕಾರಿ ನೆರವನ್ನು ಎಲ್ಲ ಮಕ್ಕಳಿಗೂ ವಿಸ್ತರಿಸಿದ್ದರಿಂದ ಕೆಲವೆಡೆ ಉಸಿರು ಬಂದಿದೆ. ಹಳೆಯ ಕೈಗಾರಿಕಾ ನಗರಗಳಲ್ಲಿ ಮೂರು ನಾಲ್ಕು ಧರ್ಮಕೇಂದ್ರಗಳ ಶಾಲೆಗಳನ್ನು ಸೇರಿಸಿ ಒಂದು ಪ್ರಾದೇಶಿಕ ಶಾಲೆ ಮಾಡುವುದು ಸಾಮಾನ್ಯ ಪರಿಹಾರವಾಗಿದೆ. ಆಯವ್ಯಯದ ಮಟ್ಟಿಗೆ ಈ ವಿಲೀನ ಸಮರ್ಥನೀಯ. ಆದರೆ ಪೋಲಿಷರು ಕಟ್ಟಿದ ಚರ್ಚಿನವರಿಗೂ ಐರಿಷರು ಕಟ್ಟಿದ ಚರ್ಚಿನವರಿಗೂ ತಮ್ಮ ತಮ್ಮ ಅಡುಗೆಕೋಣೆ, ತಮ್ಮ ತಮ್ಮ ಬಾಣಲೆ, ದಶಕಗಳಿಂದ ಅದರ ಮುಂದೆ ನಿಂತ ತಮ್ಮ ತಮ್ಮ ಹಿರಿಯರು ಇರುವುದರಿಂದ, ಹೊಸ ಶಾಲೆಗೆ ಹೊಸ ಹೆಸರನ್ನೂ ಸಮವಸ್ತ್ರದ ಬಣ್ಣವನ್ನೂ ಒಪ್ಪಿಕೊಂಡ ಮೇಲೂ, ಶುಕ್ರವಾರದ ಮೀನಿನ ಊಟ ಯಾರ ಸಭಾಂಗಣದಲ್ಲಿ, ಅದರ ಲಾಭ ಯಾರ ಖಾತೆಗೆ ಎಂಬ ಮಾತು ಬಗೆಹರಿಯಲು ಸಮಿತಿಗಳು ಹಲವು ಬಾರಿ ಸೇರಬೇಕಾಗುತ್ತದೆ.