ತಾರಸಿಯ ಮೇಲಿನ ಅಕ್ಷಯಪಾತ್ರೆ

ಮನೆಯ ಸೌರವಿದ್ಯುತ್ ವ್ಯವಸ್ಥೆಯನ್ನು ಹಿಗ್ಗಿಸುವ ಮುನ್ನ ಗೃಹಸ್ಥನು ಯೋಚಿಸಬೇಕಾದ ಕೆಲವು ಮಾತುಗಳು

ವನವಾಸಕ್ಕೆ ಹೊರಟ ಧರ್ಮರಾಯನಿಗೆ ಸೂರ್ಯದೇವನು ಅಕ್ಷಯಪಾತ್ರೆಯನ್ನು ಕರುಣಿಸಿದ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಆದರೆ ಆ ವರಕ್ಕೆ ಒಂದು ಕಟ್ಟಳೆಯಿದ್ದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ದ್ರೌಪದಿಯ ಊಟ ಮುಗಿಯುವವರೆಗೆ ಮಾತ್ರ ಪಾತ್ರೆ ಅಕ್ಷಯ. ಆಕೆ ಉಂಡು ಪಾತ್ರೆಯನ್ನು ತೊಳೆದಿಟ್ಟಳೆಂದರೆ ಮರುದಿನದವರೆಗೆ ಅದು ಬರಿದು. ಹಾಗೆ ಬರಿದಾದ ಹೊತ್ತಿನಲ್ಲಿಯೇ ದುರ್ವಾಸರು ಶಿಷ್ಯಸಮೂಹದೊಡನೆ ಬಂದಿಳಿದರು. ಆ ಸಂಕಟವನ್ನು ಪರಿಹರಿಸಲು ಶ್ರೀಕೃಷ್ಣನೇ ಬರಬೇಕಾಯಿತು.

ಇಂದು ನಮ್ಮ ತಾರಸಿಗಳ ಮೇಲೆ ಮಿನುಗುತ್ತಿರುವ ಸೌರ ಫಲಕಗಳೂ ಸೂರ್ಯನ ಅಕ್ಷಯಪಾತ್ರೆಗಳೇ ಸರಿ. ಅವಕ್ಕೂ ದಿನಕ್ಕೆ ಇಷ್ಟೇ ಎಂಬ ಮಿತಿಯುಂಟು. ಹೊತ್ತು ಮುಳುಗಿದ ಮೇಲೆ ಬಂದು ಕೂರುವ ಅತಿಥಿಗಳೂ ಉಂಟು: ಫ್ಯಾನು, ಟೆಲಿವಿಷನ್, ಫ್ರಿಜ್ಜು, ಮಕ್ಕಳ ಕಂಪ್ಯೂಟರು. ಈ ಅತಿಥಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವಾಗ ಪಾತ್ರೆಯನ್ನು ಹಿಗ್ಗಿಸುವ ಬಗೆ ಹೇಗೆ? ಅನೇಕ ಸಂಸಾರಗಳಲ್ಲಿ ಈಗ ಏಳುತ್ತಿರುವ ಪ್ರಶ್ನೆ ಇದು. ಇದಕ್ಕೆ ಸರಿಯಾದ ಉತ್ತರ ದೊರೆಯದೆ ಕೂಡಿಟ್ಟ ಹಣವನ್ನು ಕಳೆದುಕೊಂಡವರೂ ಕಡಮೆಯಿಲ್ಲ.

ಬೇಡಿಕೆ ಬೆಳೆದ ಬಗೆ

ಸಿಲಿಕಾನಿನಿಂದ ಮಾಡಿದ, ಬಳಕೆಗೆ ಯೋಗ್ಯವಾದ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ವಿಜ್ಞಾನಿಗಳು ಲೋಕಕ್ಕೆ ತೋರಿಸಿದ್ದು ೧೯೫೪ರಲ್ಲಿ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ಆರು ಭಾಗವನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಒಳ್ಳೆಯ ಫಲಕಗಳು ಇಪ್ಪತ್ತು ಭಾಗಕ್ಕೂ ಮಿಗಿಲಾಗಿ ಮಾರ್ಪಡಿಸಬಲ್ಲವು. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಹರೀಶ್ ಹಂದೆಯವರು ೧೯೯೫ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಸಾಲದ ಅನುಕೂಲದೊಡನೆ ಸೌರದೀಪಗಳನ್ನು ಬಡವರ ಮನೆಗಳಿಗೂ ಮುಟ್ಟಿಸಿದರು. ಈ ಸೇವೆಗಾಗಿ ಅವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಸೀಮೆಎಣ್ಣೆಯ ಬುಡ್ಡಿಯನ್ನು ಕಂಡ ಕಣ್ಣಿಗೆ ನಾಲ್ಕು ಸೌರದೀಪಗಳು ಹಬ್ಬದ ಬೆಳಕೇ ಆಗಿದ್ದುವು. ಆದರೆ ಬೆಳಕಿನ ಬಳಿಕ ಗಾಳಿ ಬೇಕೆನಿಸಿತು. ಗಾಳಿಯ ಬಳಿಕ ಟೆಲಿವಿಷನ್. ರುಬ್ಬುವ ಕಲ್ಲಿನೊಡನೆ ಸೊಂಟ ಸವೆಸಿದ ಗೃಹಿಣಿಗೆ ಮಿಕ್ಸಿ. ಓದುವ ಹುಡುಗನಿಗೆ ಕಂಪ್ಯೂಟರು. ಇದನ್ನು ದುರಾಸೆಯೆಂದು ಮೂದಲಿಸುವುದು ಸಲ್ಲದು. ಸಂಸಾರ ಬೆಳೆದಂತೆ ಮನೆಗೊಂದು ಕೋಣೆಯನ್ನು ಕೂಡಿಸುವಷ್ಟೇ ಸಹಜವಾದುದಿದು. ಆದರೆ ತಳಪಾಯವನ್ನು ನೋಡದೆ ಯಾರೂ ಮಹಡಿ ಕಟ್ಟುವುದಿಲ್ಲವಷ್ಟೆ!

ಮೊದಲು ಲೆಕ್ಕ

ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ಕೆಲಸ ಮಾಡಿದರೆ ಒಂದು ಯೂನಿಟ್. ನಮ್ಮ ನಾಡಿನ ಬಿಸಿಲಿನಲ್ಲಿ ಸಾವಿರ ವ್ಯಾಟಿನ ಫಲಕಗಳು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತವೆ. ಬ್ಯಾಟರಿಯಲ್ಲಿ ತುಂಬಿಟ್ಟು ಮರಳಿ ತೆಗೆಯುವುದರಲ್ಲಿ ಇದರ ಕಾಲು ಭಾಗ ಸೋರಿಹೋಗುವುದೆಂದು ಇಟ್ಟುಕೊಂಡರೆ, ಕೈಗೆ ಸಿಗುವುದು ಮೂರು ಯೂನಿಟ್. ಇಷ್ಟು ತಿಳಿದರೆ ಮಿಕ್ಕದ್ದು ಮನೆಯ ಖರ್ಚಿನ ಲೆಕ್ಕದಷ್ಟೇ ಸುಲಭ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮನೆಯ ಮೇಲೆ ೧೫೦ ವ್ಯಾಟಿನ ಎರಡು ಫಲಕಗಳು. ಒಳಗೆ ೧೨ ವೋಲ್ಟಿನ, ೧೫೦ ಆಂಪಿಯರ್-ಗಂಟೆಯ ಒಂದು ಸೀಸದ ಬ್ಯಾಟರಿ. ಒಂಬತ್ತು ವ್ಯಾಟಿನ ನಾಲ್ಕು ದೀಪಗಳು ಐದು ಗಂಟೆ ಉರಿದರೆ ೧೮೦ ವ್ಯಾಟ್-ಗಂಟೆ. ೭೫ ವ್ಯಾಟಿನ ಎರಡು ಫ್ಯಾನುಗಳು ನಾಲ್ಕು ಗಂಟೆ ತಿರುಗಿದರೆ ೬೦೦. ೬೦ ವ್ಯಾಟಿನ ಟೆಲಿವಿಷನ್ ಎರಡು ಗಂಟೆಗೆ ೧೨೦. ಒಟ್ಟು ೯೦೦. ಮುನ್ನೂರು ವ್ಯಾಟಿನ ಫಲಕಗಳಿಂದ ಕೈಗೆ ಸಿಗುವುದೂ ೯೦೦. ಆಯ ವ್ಯಯಗಳೆರಡೂ ಸಮ, ಸಂಸಾರ ಸುಖವಾಗಿದೆ.

ಈಗ ದಿನಕ್ಕೊಂದು ಯೂನಿಟ್ ನುಂಗುವ ಫ್ರಿಜ್ಜು ಬಂದಿತೆನ್ನಿ. ಐದು ಗಂಟೆ ನಡೆಯುವ ಕಂಪ್ಯೂಟರಿಗೆ ೩೦೦. ಅಜ್ಜಿಯ ಕೋಣೆಯಲ್ಲಿ ಇರುಳೆಲ್ಲ ತಿರುಗುವ ಮೂರನೆಯ ಫ್ಯಾನಿಗೆ ೬೦೦. ಕಾಲು ಗಂಟೆಯ ಮಿಕ್ಸಿಗೆ ೧೫೦. ಹಗಲಿರುಳೂ ಕಣ್ಣು ಮಿಟುಕಿಸುವ ಇಂಟರ್‌ನೆಟ್ ಪೆಟ್ಟಿಗೆಗೆ ೨೪೦. ವ್ಯಯವು ೯೦೦ರಿಂದ ಒಮ್ಮೆಲೇ ೩,೧೯೦ಕ್ಕೆ ಏರಿತು. ಈ ಬೇಡಿಕೆಗೆ ಸುಮಾರು ೧,೦೬೫ ವ್ಯಾಟಿನ ಫಲಕಗಳು ಬೇಕು. ಅಂದರೆ ಇದ್ದುದಕ್ಕೆ ಮೂರೂವರೆ ಪಟ್ಟು! ಚೀಟಿಯ ಮೇಲೆ ಬರೆದು ಕೂಡುವವರೆಗೂ ಈ ಸಂಖ್ಯೆ ಮನೆಯ ಯಾರಿಗೂ ಹೊಳೆದಿರುವುದಿಲ್ಲ.

ಸೋರುವ ಕೊಡ

ಹೊಸ ಫಲಕ ಕೊಳ್ಳುವುದಕ್ಕೆ ಮೊದಲು ಇದೇ ಚೀಟಿಯನ್ನು ಇನ್ನೊಮ್ಮೆ ನೋಡಬೇಕು. ಮೂರು ಫ್ಯಾನುಗಳೇ ೧,೨೦೦ ವ್ಯಾಟ್-ಗಂಟೆಯನ್ನು ತಿನ್ನುತ್ತಿವೆ. ಅವುಗಳ ಸ್ಥಾನದಲ್ಲಿ ಈಗ ಅಂಗಡಿಗಳಲ್ಲಿ ಬಿ.ಎಲ್.ಡಿ.ಸಿ. ಎಂಬ ಹೆಸರಿನಿಂದ ದೊರೆಯುವ, ಸುಮಾರು ಮೂವತ್ತೇ ವ್ಯಾಟಿನಲ್ಲಿ ತಿರುಗುವ ಫ್ಯಾನುಗಳನ್ನು ಹಾಕಿದರೆ ದಿನಕ್ಕೆ ೭೨೦ ವ್ಯಾಟ್-ಗಂಟೆ ಉಳಿಯುತ್ತದೆ. ಬೇಡಿಕೆ ೨,೪೭೦ಕ್ಕೆ ಇಳಿದು, ಸುಮಾರು ೮೨೫ ವ್ಯಾಟಿನ ಫಲಕಗಳು ಸಾಕಾಗುತ್ತವೆ. ಇರುವ ಮುನ್ನೂರರ ಜೊತೆಗೆ ಈಗ ಮಾರುಕಟ್ಟೆಯಲ್ಲಿ ಸಿಗುವ ೫೪೦ ವ್ಯಾಟಿನ ಒಂದು ಫಲಕವನ್ನು ಕೂಡಿಸಿದರೆ ಲೆಕ್ಕ ಸರಿಹೋಯಿತು. ಕೊಡ ಸೋರುತ್ತಿರುವಾಗ ಇನ್ನೊಂದು ಬಾವಿ ತೋಡಿಸುವುದಕ್ಕಿಂತ ಕೊಡದ ಬಾಯಿಗೆ ಬೆಸುಗೆ ಹಾಕಿಸುವುದು ಅಗ್ಗವಲ್ಲವೆ? ಸ್ನಾನದ ನೀರಿಗೂ ಇದೇ ಮಾತು. ಎರಡು ಸಾವಿರ ವ್ಯಾಟಿನ ಗೀಸರನ್ನು ಫಲಕಗಳ ಮೇಲೆ ಹೇರುವುದಕ್ಕಿಂತ, ಬಿಸಿಲಿನಿಂದ ನೇರವಾಗಿ ನೀರು ಕಾಯಿಸುವ ಸೋಲಾರ್ ಹೀಟರನ್ನೇ ಆ ಕೆಲಸಕ್ಕೆ ಬಿಡುವುದು ಜಾಣತನ.

ಕಾಯಿಲೆ ಒಂದು, ಮದ್ದು ಇನ್ನೊಂದು

ರಾತ್ರಿ ಒಂಬತ್ತಕ್ಕೇ ದೀಪ ಮಂಕಾಯಿತೆಂದರೆ ಬಹುಮಂದಿ ಮಾಡುವ ಮೊದಲ ಕೆಲಸ ಇನ್ನೊಂದು ಬ್ಯಾಟರಿ ತರುವುದು. ಇಲ್ಲಿಯೇ ಹಣ ಹಾಳಾಗುವುದು. ಬ್ಯಾಟರಿ ಕಣಜವೇ ಹೊರತು ಹೊಲವಲ್ಲ. ಬೆಳೆ ಮೊದಲಿನಷ್ಟೇ ಇರುವಾಗ ಕಣಜವನ್ನು ದೊಡ್ಡದು ಮಾಡಿದರೆ ಕಾಳು ಹೆಚ್ಚೀತೆ? ಅದು ಎಂದೂ ಪೂರ್ತಿ ತುಂಬದೆ ಅರೆಹೊಟ್ಟೆಯಲ್ಲಿಯೇ ದಿನ ನೂಕುತ್ತದೆ. ಹಾಗೆ ಅರೆಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿಯ ತಗಡುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಅದರ ಸತ್ತ್ವವೇ ಕುಂದಿಹೋಗುತ್ತದೆ. ಐದಾರು ವರ್ಷ ಬಾಳಬೇಕಾದ ಬ್ಯಾಟರಿ ಎರಡೇ ವರ್ಷಕ್ಕೆ ಮೂಲೆ ಸೇರುವುದುಂಟು.

ಇದಕ್ಕೆ ವಿರುದ್ಧವಾಗಿ ಫಲಕಗಳನ್ನು ಮಾತ್ರ ಹೆಚ್ಚಿಸಿದರೆ, ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ತುಂಬಿ ಮಿಕ್ಕ ಬಿಸಿಲು ವ್ಯರ್ಥವಾಗುತ್ತದೆ. ಇನ್ವರ್ಟರನ್ನು ಮಾತ್ರ ದೊಡ್ಡದು ಮಾಡಿದರೆ, ಇದ್ದ ಕಾಳು ಇನ್ನೂ ಬೇಗ ಮುಗಿಯುತ್ತದೆ. ಆದಕಾರಣ ಹಗಲು ಬ್ಯಾಟರಿ ಪೂರ್ತಿ ತುಂಬುವುದೇ, ತುಂಬಿದ್ದು ಇರುಳಿಗೆ ಸಾಲುವುದೇ ಎಂಬ ಎರಡು ಪ್ರಶ್ನೆಗಳನ್ನು ಕೆಲವು ದಿನ ಗಮನಿಸಿ ಉತ್ತರ ಕಂಡುಕೊಳ್ಳದೆ ಅಂಗಡಿಯ ಮೆಟ್ಟಿಲನ್ನು ಹತ್ತಬಾರದು.

ನಮ್ಮ ಸಂಸಾರದಲ್ಲಿ ಬೇಡಿಕೆಯ ಅರ್ಧ ಭಾಗ ಹೊತ್ತು ಮುಳುಗಿದ ಮೇಲಿನದೆಂದರೆ ಇರುಳಿಗೆ ೧,೨೩೫ ವ್ಯಾಟ್-ಗಂಟೆ ಬೇಕು. ಇರುವ ಬ್ಯಾಟರಿಯ ಒಟ್ಟು ಸಾಮರ್ಥ್ಯ ೧,೮೦೦. ಆದರೆ ಸೀಸದ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅದರ ಅರ್ಧವನ್ನು ಮಾತ್ರ ದಿನವೂ ತೆಗೆಯಬೇಕು, ಅಂದರೆ ೯೦೦. ಆದುದರಿಂದ ಇಲ್ಲಿ ಕಣಜವೂ ದೊಡ್ಡದಾಗಲೇಬೇಕು. ಆದರೆ ನೆನಪಿರಲಿ: ಸವೆದ ಹಳೆಯ ಬ್ಯಾಟರಿಯ ಪಕ್ಕದಲ್ಲಿ ಹೊಸದನ್ನು ಜೋಡಿಸಬಾರದು. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೇ ಎಳೆಯುತ್ತದೆ. ಒಂದೇ ಬಗೆಯ, ಒಂದೇ ವಯಸ್ಸಿನ ಜೋಡಿಯನ್ನೇ ತರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ ಹೊಸ ಬ್ಯಾಟರಿಗಳಲ್ಲಿ ನೂರಕ್ಕೆ ಎಂಬತ್ತು ಭಾಗವನ್ನು ನಿರ್ಭಯವಾಗಿ ಬಳಸಬಹುದು. ಬಾಳಿಕೆಯೂ ಹಲವು ಪಟ್ಟು ಹೆಚ್ಚು. ಬೆಲೆ ಮಾತ್ರ ಮೊದಲಿಗೇ ಕೈಸುಡುತ್ತದೆ. ಇವನ್ನು ಸೀಸದ ಬ್ಯಾಟರಿಯೊಡನೆ ಬೆರಸುವುದಂತೂ ಕೂಡದು.

ಜೋಡೆತ್ತಿನ ನ್ಯಾಯ

ಫಲಕಗಳ ಜೋಡಣೆಗೂ ನಿಯಮಗಳುಂಟು. ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದಾಗ ವೋಲ್ಟುಗಳು ಕೂಡುತ್ತವೆ. ಆದರೆ ಪ್ರವಾಹ ದುರ್ಬಲವಾದ ಫಲಕದಷ್ಟೇ. ಒಂದೇ ನೊಗಕ್ಕೆ ಕಟ್ಟಿದ ಹೋರಿ ಮುದಿಯೆತ್ತಿನ ವೇಗದಲ್ಲಿಯೇ ನಡೆಯಬೇಕಲ್ಲವೆ? ಸಮಾಂತರವಾಗಿ ಜೋಡಿಸಿದಾಗ ಪ್ರವಾಹಗಳು ಕೂಡುತ್ತವೆ. ಆದರೆ ವೋಲ್ಟುಗಳು ಸಮನಾಗಿರಬೇಕು. ಹಳೆಯ ೧೫೦ ವ್ಯಾಟಿನ ಫಲಕ ದುಡಿಯುವುದು ಸುಮಾರು ೧೮ ವೋಲ್ಟಿನಲ್ಲಿ. ಹೊಸ ೫೪೦ ವ್ಯಾಟಿನದು ೪೦ ವೋಲ್ಟಿನ ಆಸುಪಾಸಿನಲ್ಲಿ. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಎರಡೂ ಕೆಟ್ಟಂತೆ. ಹೊಸದಕ್ಕೆ ಪ್ರತ್ಯೇಕವಾದ ಚಾರ್ಜ್ ಕಂಟ್ರೋಲರನ್ನು ಕೊಟ್ಟು, ಎರಡು ಕಾಲುವೆಗಳೂ ಒಂದೇ ಬ್ಯಾಟರಿಯ ಕೆರೆಗೆ ಬಂದು ಬೀಳುವಂತೆ ಮಾಡುವುದೇ ಇದಕ್ಕೆ ಉಪಾಯ.

ತಂತಿಯನ್ನಂತೂ ಬಹಳ ಮಂದಿ ಮರೆಯುತ್ತಾರೆ. ತಂತಿಯಲ್ಲಿ ಹರಿಯುವ ಪ್ರವಾಹ ಇಮ್ಮಡಿಯಾದರೆ, ಶಾಖವಾಗಿ ನಷ್ಟವಾಗುವ ಶಕ್ತಿ ನಾಲ್ಮಡಿಯಾಗುತ್ತದೆ. ಆರುನೂರು ವ್ಯಾಟಿನ ಮಿಕ್ಸಿಗಾಗಿ ೧೨ ವೋಲ್ಟಿನ ಬ್ಯಾಟರಿಯಿಂದ ಐವತ್ತು ಆಂಪಿಯರ್ ಹರಿಯಬೇಕು. ೨೪ ವೋಲ್ಟಿನಿಂದಾದರೆ ಇಪ್ಪತ್ತೈದೇ ಸಾಕು. ಆದುದರಿಂದ ಹೊಸ ಬ್ಯಾಟರಿಗಳ ಜೋಡಿಯನ್ನು ೨೪ ವೋಲ್ಟಿಗೆ ಕಟ್ಟಿ, ಹಳೆಯ ಫಲಕಗಳೆರಡನ್ನೂ ಸರಣಿಯಲ್ಲಿ ಜೋಡಿಸಿ, ಕಂಟ್ರೋಲರನ್ನೂ ಇನ್ವರ್ಟರನ್ನೂ ಅದಕ್ಕೆ ತಕ್ಕಂತೆ ಬದಲಾಯಿಸುವುದು ಮೇಲು. ಇನ್ವರ್ಟರನ್ನು ಕೊಳ್ಳುವಾಗ ಫ್ರಿಜ್ಜಿನ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ಮಾಮೂಲಿನ ಹಲವು ಪಟ್ಟು ಪ್ರವಾಹವನ್ನು ಎಳೆಯುವುದೆಂಬುದನ್ನು ಮರೆಯಬಾರದು.

ಫಲಕಗಳಿಂದ ಬರುವ ಏಕಮುಖ ಪ್ರವಾಹದ ಕಿಡಿ ಹತ್ತಿಕೊಂಡರೆ ಸುಲಭವಾಗಿ ಆರದು. ಆದುದರಿಂದ ಅದಕ್ಕೆಂದೇ ತಯಾರಾದ ಫ್ಯೂಸು, ಸ್ವಿಚ್ಚುಗಳನ್ನೇ ಹಾಕಿಸಬೇಕು. ತುಂಬುವಾಗ ಸೀಸದ ಬ್ಯಾಟರಿ ಜಲಜನಕವನ್ನು ಹೊರಬಿಡುತ್ತದೆ, ಹೊತ್ತಿಕೊಳ್ಳುವ ಅನಿಲವದು. ದೇವರ ದೀಪದ ಹತ್ತಿರವಾಗಲಿ, ಗಾಳಿಯಾಡದ ಕೋಣೆಯಲ್ಲಾಗಲಿ ಅದನ್ನು ಇಡಬಾರದು. ಈ ವಿಷಯಗಳಲ್ಲಿ ಉಳಿತಾಯ ಮಾಡಹೊರಡುವುದು ಪ್ರಾಣಕ್ಕೇ ಅಪಾಯ.

ಪಟ್ಟಣದ ಮನೆಗಳಲ್ಲಿ

ಬೆಂಗಳೂರು, ಮೈಸೂರುಗಳಂಥ ಊರುಗಳಲ್ಲಿ ಅನೇಕ ಮನೆಗಳ ಫಲಕಗಳು ಬ್ಯಾಟರಿಯಿಲ್ಲದೆ ನೇರವಾಗಿ ಕಂಪನಿಯ ವಿದ್ಯುತ್ ಜಾಲಕ್ಕೆ ಸೇರಿವೆ. ಹಗಲಿನ ಹೆಚ್ಚುವರಿ ಜಾಲಕ್ಕೆ ಹೋಗುತ್ತದೆ. ಇರುಳಿನ ಕೊರತೆ ಅಲ್ಲಿಂದ ಬರುತ್ತದೆ. ಮೀಟರು ಎರಡನ್ನೂ ಎಣಿಸುತ್ತದೆ. ಇಂಥ ಮನೆಯವರಿಗೆ ಒಂದು ದಿನ ಆಶ್ಚರ್ಯ ಕಾದಿರುತ್ತದೆ: ನಡುಹಗಲಿನಲ್ಲಿ ಬಿಸಿಲು ಸುರಿಯುತ್ತಿದ್ದರೂ ಬೀದಿಯ ಕರೆಂಟು ಹೋದೊಡನೆ ಮನೆಯದೂ ಹೋಗುತ್ತದೆ! ಇದು ದೋಷವಲ್ಲ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ತಾರಸಿಯ ವಿದ್ಯುತ್ ಹೊಡೆಯದಿರಲೆಂದು ಇನ್ವರ್ಟರು ತಾನಾಗಿ ನಿಲ್ಲುವಂತೆ ರಚಿತವಾಗಿರುತ್ತದೆ. ಕರೆಂಟು ಹೋದಾಗಲೂ ಬೆಳಕು ಬೇಕೆನ್ನುವವರು ಬ್ಯಾಟರಿಯನ್ನೂ ಹೊಂದಬಲ್ಲ ಹೈಬ್ರಿಡ್ ಇನ್ವರ್ಟರನ್ನು ಹಾಕಿಸಬೇಕು. ಫಲಕಗಳನ್ನು ಎಷ್ಟು ಹೆಚ್ಚಿಸಿದರೂ ಈ ಕೊರತೆ ನೀಗದು.

ಪಟ್ಟಣದ ಬೇಡಿಕೆಯ ರೀತಿಯೂ ಬೇರೆ. ಮೂರು ಯೂನಿಟ್ ಹಿಡಿಯುವ ಬ್ಯಾಟರಿಯ ವಿದ್ಯುತ್ ಸ್ಕೂಟರನ್ನು ಬರಿದಾದಾಗಲೆಲ್ಲ ತುಂಬಲು ಮೂರು ಯೂನಿಟ್ಟಿಗೂ ತುಸು ಹೆಚ್ಚೇ ಬೇಕು. ಸುಮಾರು ಎಂಟುನೂರು ವ್ಯಾಟಿನ ಫಲಕಗಳ ಒಂದು ದಿನದ ದುಡಿಮೆ ಅದಕ್ಕೇ ಹೋಯಿತು. ಇಂಥವುಗಳಿಗಾಗಿ ಫಲಕಗಳನ್ನು ಹೆಚ್ಚಿಸುವವರು ಮೊದಲು ತಾರಸಿಯ ಜಾಗವನ್ನು ಅಳೆಯಬೇಕು. ಸಾವಿರ ವ್ಯಾಟಿಗೆ ನೆರಳಿಲ್ಲದ ಸುಮಾರು ನೂರು ಚದರಡಿ ಬೇಕು. ಬಟ್ಟೆ ಒಣಗಿಸಲು, ಹಪ್ಪಳ ಹರವಲು ಎಷ್ಟು ಜಾಗ ಉಳಿಯಬೇಕೆಂಬುದನ್ನು ಮನೆಯಾಕೆಯನ್ನು ಕೇಳದೆ ನಿಶ್ಚಯಿಸುವುದು ಕ್ಷೇಮವಲ್ಲ! ನೀರಿನ ಟ್ಯಾಂಕಿನದಾಗಲಿ ತೆಂಗಿನ ಗರಿಯದಾಗಲಿ ನೆರಳು ಒಂದು ಫಲಕದ ಮೇಲೆ ಬಿದ್ದರೂ ಇಡೀ ಸರಣಿಯ ಉತ್ಪತ್ತಿ ಇಳಿಯಬಹುದು. ಬಳಿಕ, ಇರುವ ಇನ್ವರ್ಟರು ಹೆಚ್ಚಿನ ಫಲಕಗಳನ್ನು ತಾಳೀತೇ ಎಂದು ನೋಡಿ, ವಿದ್ಯುತ್ ಕಂಪನಿಯ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಕೇಂದ್ರ ಸರ್ಕಾರ ೨೦೨೪ರ ಫೆಬ್ರವರಿಯಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಸಹಾಯಧನವನ್ನು ಮೂರು ಕಿಲೋವ್ಯಾಟಿಗೆ ೭೮,೦೦೦ ರೂಪಾಯಿಗಳಿಗೆ ಮಿತಗೊಳಿಸಲಾಯಿತು. ಅದರಿಂದ ಮೇಲಿನದರ ಭಾರ ಗೃಹಸ್ಥನದೇ.

ಮಳೆಗಾಲದ ಮಾತು

ಎಷ್ಟೇ ಹಿಗ್ಗಿಸಿದರೂ ಆಷಾಢದ ಮೋಡಗಳು ನಮ್ಮ ಲೆಕ್ಕವನ್ನು ಗೌರವಿಸುವುದಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಜಡಿಮಳೆ ಹಿಡಿದ ದಿನಗಳಲ್ಲಿ ಫಲಕಗಳ ಉತ್ಪತ್ತಿ ಸರಾಸರಿಯ ಅರ್ಧಕ್ಕಿಂತಲೂ ಕೆಳಗಿಳಿಯುವುದುಂಟು. ವರ್ಷದ ಅಂಥ ಕೆಲವೇ ದಿನಗಳಿಗಾಗಿ ಇಡೀ ವ್ಯವಸ್ಥೆಯನ್ನು ಇಮ್ಮಡಿ ಮಾಡುವುದು, ವರ್ಷಕ್ಕೊಮ್ಮೆ ಬರುವ ನೆಂಟರಿಗಾಗಿ ಇನ್ನೊಂದು ಮನೆ ಕಟ್ಟಿಸಿದಂತೆ. ಆ ದಿನಗಳಲ್ಲಿ ಯಾವುದಕ್ಕೆ ಮೊದಲ ಮಣೆ ಎಂದು ಮನೆಮಂದಿಯೆಲ್ಲ ಕೂತು ಮೊದಲೇ ನಿಶ್ಚಯಿಸಿಕೊಂಡರೆ ಸಾಕು. ಮಗುವಿನ ಓದಿನ ದೀಪ, ಅಜ್ಜಿಯ ಕೋಣೆಯ ಫ್ಯಾನು, ಔಷಧಿಯಿರುವ ಫ್ರಿಜ್ಜು ಇವು ಮುಂದೆ, ಟೆಲಿವಿಷನ್ ಹಿಂದೆ.

ಹೀಗೆ ಮೊದಲು ಎಣಿಕೆ, ಬಳಿಕ ಉಳಿಕೆ, ಕೊನೆಗೆ ಗಳಿಕೆ: ಸೌರವಿದ್ಯುತ್ತನ್ನು ಹಿಗ್ಗಿಸುವವರ ಕ್ರಮ ಇದು. ಹಿಗ್ಗಿಸುವಾಗ ಫಲಕ, ಕಂಟ್ರೋಲರು, ಬ್ಯಾಟರಿ, ಇನ್ವರ್ಟರು, ತಂತಿ ಎಲ್ಲವೂ ಒಂದೇ ಕುಟುಂಬದವೆಂದು ತಿಳಿಯಬೇಕು. ಒಬ್ಬನಿಗೆ ಮಾತ್ರ ಉಣಬಡಿಸಿದರೆ ಉಳಿದವರು ಸೊರಗುತ್ತಾರೆ, ಉಂಡವನಿಗೂ ಅಜೀರ್ಣ. ಸೂರ್ಯನು ಕೊಡುವುದರಲ್ಲಿ ಎಂದೂ ಕೃಪಣನಲ್ಲ. ಪಾತ್ರೆಯ ಅಳತೆಯನ್ನು ಅರಿತು ಬಡಿಸುವ ವಿವೇಕ ಮಾತ್ರ ನಮ್ಮದಾಗಬೇಕು.