ಹುಲ್ಲುಗಾವಲಿನ ಉದ್ಯಾನ, ಅದರ ನೆರೆಯ ಹಳ್ಳಿ



ಟ್ರಾನ್ಸ್-ಕೆನಡಾ ಹೆದ್ದಾರಿಯಲ್ಲಿ ಸಸ್ಕಾಚೆವಾನ್ ಪ್ರಾಂತ್ಯವನ್ನು ದಾಟುವಾಗ ನಮ್ಮವರಲ್ಲಿ ಅನೇಕರು ‘ಇಲ್ಲಿ ನೋಡಲೇನಿದೆ?’ ಎನ್ನುವುದುಂಟು. ಸ್ವಿಫ್ಟ್ ಕರೆಂಟ್ ಪಟ್ಟಣದಿಂದ ದಕ್ಷಿಣಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿದರೆ, ಫ್ರೆಂಚ್‌ಮನ್ ನದಿಯ ಕಣಿವೆಯಲ್ಲಿ ವಾಲ್ ಮರೀ ಎಂಬ ಹಳ್ಳಿಯಿದೆ. 1910ರಲ್ಲಿ ಫ್ರೆಂಚ್ ಭಾಷಿಕರು ನೆಲೆಗೊಳಿಸಿದ ಈ ಊರಿನ ಜನಸಂಖ್ಯೆ ಇಂದು ನೂರರ ಆಸುಪಾಸು. ಇದರ ನೆರೆಯಲ್ಲಿಯೇ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವಿದೆ.

ಈ ಉದ್ಯಾನಕ್ಕಾಗಿ ಕೇಂದ್ರ ಹಾಗೂ ಪ್ರಾಂತೀಯ ಸರ್ಕಾರಗಳು 1981ರಲ್ಲಿ, ಮತ್ತೆ 1988ರಲ್ಲಿ ಒಪ್ಪಂದ ಮಾಡಿಕೊಂಡವು. ಬೇಕಾದ ನೆಲದ ಬಹುಭಾಗ ದನಗಾಹಿ ಕುಟುಂಬಗಳ ವಶದಲ್ಲಿತ್ತು. ಮಾರಲು ಒಪ್ಪಿದವರಿಂದ ಮಾತ್ರ ಕೊಳ್ಳುವುದೆಂದು ನಿಶ್ಚಯಿಸಿದ್ದರಿಂದ ಉದ್ಯಾನವು ತುಂಡುತುಂಡಾಗಿ, ನಿಧಾನವಾಗಿ ಬೆಳೆಯಿತು. ಸಣ್ಣ ಊರಿಗೆ ಇದು ಅಳಿವು ಉಳಿವಿನ ಪ್ರಶ್ನೆ: ದನಗಾಹಿಗಳು ಹೊರಟುಹೋದರೆ ಶಾಲೆ, ಅಂಗಡಿಗಳನ್ನು ಉಳಿಸುವವರು ಯಾರು?

ಮೊದಲಿಗೆ, ದನಗಳನ್ನು ಹೊರಗಿಟ್ಟರೆ ನಿಸರ್ಗ ತಾನಾಗಿ ಚೇತರಿಸಿಕೊಳ್ಳುವುದೆಂದು ಭಾವಿಸಲಾಗಿತ್ತು. ಆದರೆ ಪ್ರೇರಿಯ ಹುಲ್ಲು ಸಾವಿರಾರು ವರ್ಷ ಮೇಯುವ ಪ್ರಾಣಿಗಳೊಡನೆ, ಕಾಳ್ಗಿಚ್ಚಿನೊಡನೆ ಬೆಳೆದು ಬಂದದ್ದು. ಮೇಯಿಸದೆ ಬಿಟ್ಟಲ್ಲಿ ಒಣಹುಲ್ಲು ಪದರ ಪದರವಾಗಿ ಕೂಡಿ ಹೊಸ ಚಿಗುರಿಗೆ ಬೆಳಕು ತಪ್ಪುತ್ತದೆ. ಕೆಲವು ಹಕ್ಕಿಗಳಿಗೆ ಎತ್ತರದ ಹುಲ್ಲು ಬೇಕು. ಕೆಲವಕ್ಕೆ ಗಿಡ್ಡ ಹುಲ್ಲು. ಹೆಸರಿನಲ್ಲಿ ನಾಯಿಯಾದರೂ ಅಳಿಲಿನ ಕುಲಕ್ಕೆ ಸೇರಿದ ಕಪ್ಪುಬಾಲದ ಪ್ರೇರಿ ಡಾಗ್‌ಗೂ ಗಿಡ್ಡ ಹುಲ್ಲೇ ಬೇಕು. ಕೆನಡಾದಲ್ಲಿ ಅದು ಕಾಡುಪ್ರಾಣಿಯಾಗಿ ಬದುಕಿರುವುದು ಈ ಪ್ರದೇಶವೊಂದರಲ್ಲೇ.

ಆದ್ದರಿಂದ 2005ರ ಡಿಸೆಂಬರಿನಲ್ಲಿ ಆಲ್ಬರ್ಟಾದ ಎಲ್ಕ್ ಐಲೆಂಡ್ ಉದ್ಯಾನದಿಂದ 71 ಬೈಸನ್‌ಗಳನ್ನು ತಂದು, ಮರುವರ್ಷ ವಿಶಾಲ ಬಯಲಿಗೆ ಬಿಡಲಾಯಿತು. (ನಮ್ಮ ನಾಡಿನಲ್ಲಿ ಕೆಲವರು ಬೈಸನ್ ಎನ್ನುವ ಕಾಟಿ ಬೇರೆಯೇ ಪ್ರಾಣಿ.) ಉದ್ಯಾನದ ಕೆಲವು ಭಾಗಗಳಿಗೆ ದನಗಳೂ ಮರಳಿದವು.

ಇದರಿಂದ ತಿಳಿಯಬೇಕಾದದ್ದೊಂದಿದೆ. ಸುತ್ತಲಿನ ಬಯಲೆಲ್ಲ ಉತ್ತು ಗೋಧಿಯ ಹೊಲವಾದಾಗಲೂ ಇಲ್ಲಿನ ನೆಲ ಹುಲ್ಲುಗಾವಲಾಗಿಯೇ ಉಳಿದುದರಲ್ಲಿ ದನಗಾಹಿಗಳ ಪಾಲು ದೊಡ್ಡದು. ಅವರ ಅನುಭವವನ್ನು ಬದಿಗಿಟ್ಟು ಹುಲ್ಲನ್ನು ಕಾಯಲಾಗದು. ಇತ್ತ ಹಳ್ಳಿಗೂ ಉದ್ಯಾನ ಬೇಕಾಗಿದೆ. ಸಂದರ್ಶಕರ ಕೇಂದ್ರವಿರುವುದು ವಾಲ್ ಮರೀಯಲ್ಲೇ. ಬಂದವರು ತಂಗುವುದರಿಂದ, ಉಣ್ಣುವುದರಿಂದ ಊರಿಗೆ ಒಂದಿಷ್ಟು ಆದಾಯ. 2009ರಲ್ಲಿ ಉದ್ಯಾನಕ್ಕೆ ‘ಕಗ್ಗತ್ತಲ ಆಗಸದ ರಕ್ಷಿತ ತಾಣ’ವೆಂಬ ಮನ್ನಣೆಯೂ ದೊರೆಯಿತು. ದೊಡ್ಡ ನಗರಗಳ ದೀಪಗಳಿಂದ ಬಹುದೂರವಿರುವುದೇ ಇಲ್ಲಿ ಸಂಪತ್ತಾಯಿತು.

ಮುಂದಿನ ಪ್ರವಾಸದಲ್ಲಿ ತಾವೂ ಒಮ್ಮೆ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿರಿ. ಹುಲ್ಲನ್ನು ನೋಡಿ, ಹಳ್ಳಿಯಲ್ಲಿ ಒಂದು ರಾತ್ರಿ ಉಳಿದು ಬನ್ನಿರೆಂದು ವಿನಂತಿಸಿ ವಿರಮಿಸುತ್ತೇನೆ.