ಕಿಡ್ನಿಯಲ್ಲಿ ಕಲ್ಲಿಲ್ಲ, ಸೊಂಟನೋವು ನಿಂತಿಲ್ಲ

ರುಕೂಅ್‌ಗೆ ಬಾಗಿದಾಗ ಸೊಂಟ ಹಿಡಿದಂತಾಗುತ್ತದೆ ಎಂದು ಮನೆಯ ಹಿರಿಯರು ಹೇಳಿದರೆ ನಾವು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಸವಡಿಯಂತಹ ಊರಿನಲ್ಲಿ ಹೊಲದಲ್ಲಿ ಬಾಗಿ ದುಡಿದವರಿಗೆ ಸೊಂಟನೋವು ಹೊಸದಲ್ಲ. ಆದರೆ ಅರುವತ್ತು ದಾಟಿದ ಆ ಹಿರಿಯರು ವರ್ಷಗಟ್ಟಲೆ ಬೀಡಿ ಸೇದಿದವರಾಗಿದ್ದು, ನೋವು ಮಲಗಿದರೂ ಬಿಡದೆ, ತೂಕವೂ ಇಳಿಯುತ್ತಿದ್ದರೆ ಗುಳಿಗೆ ನುಂಗಿಸುತ್ತಾ ಕಾಯಬೇಡಿ. ಹೊಟ್ಟೆಯೊಳಗಿನ ಮಹಾಪಧಮನಿಯನ್ನು ಒಮ್ಮೆ ನೋಡಿಸಿ.

ಹೃದಯದಿಂದ ಹೊರಟ ಈ ದೊಡ್ಡ ರಕ್ತನಾಳ ಬೆನ್ನುಮೂಳೆಯ ಮುಂದೆ ಇಳಿದು ಹೊಕ್ಕುಳ ಮಟ್ಟದಲ್ಲಿ ಕವಲೊಡೆಯುತ್ತದೆ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಸೈಕಲ್ ಟ್ಯೂಬಿನ ಸವೆದ ಜಾಗದಂತೆ ಉಬ್ಬಿ 3 ಸೆಂ.ಮೀ. ಮುಟ್ಟಿದರೆ ಅದು ಅನ್ಯೂರಿಸಂ. ಹೆಚ್ಚಿನವು ಸದ್ದಿಲ್ಲದೆ ಬೆಳೆಯುತ್ತವೆ. ನೂರರಲ್ಲಿ ಐದರಿಂದ ಹತ್ತು ಮಾತ್ರ ಬೇರೆ ಬಗೆಯವು. ಅವುಗಳಲ್ಲಿ ನಾಳದ ಗೋಡೆಗೆ ಉರಿಯೂತವಾಗಿ, ಸುತ್ತ ನಾರಿನಂಥ ಬಿಳಿ ಪದರ ಬೆಳೆದು, ಪಕ್ಕದ ಕರುಳನ್ನೂ ಮೂತ್ರನಾಳವನ್ನೂ ಅಂಟಿಸಿಕೊಳ್ಳುತ್ತದೆ. ನೋವು ಬರುವುದು ಇದರಿಂದ. ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್ ಏರಿರುವುದೇ ಹೆಚ್ಚು.

ಮೋಸ ಹೋಗುವುದು ಇಲ್ಲಿಯೇ. ಮೂತ್ರನಾಳ ಬಿಗಿದರೆ ಕಿಡ್ನಿ ಊದುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಊತ ಕಾಣುತ್ತದೆ, ಕಲ್ಲು ಕಾಣುವುದಿಲ್ಲ. ಕಲ್ಲು ಬಿದ್ದುಹೋಗಿರಬೇಕು ಎಂದು ಮನೆಯವರು ಸಮಾಧಾನಪಡುತ್ತಾರೆ. ಆಗ “ಮಹಾಪಧಮನಿ ಎಷ್ಟು ಅಗಲ ಇದೆ ಡಾಕ್ಟ್ರೇ?” ಎಂದು ಕೇಳಿ. ಅಳೆಯಲು ಅದೇ ಯಂತ್ರ ಸಾಕು. ಹೊಟ್ಟೆ ಖಾಲಿ ಇದ್ದರೆ ನಾಳ ಚೆನ್ನಾಗಿ ಕಾಣುತ್ತದೆ. ರಮಝಾನ್‌ನಲ್ಲಿ ಅದಕ್ಕೆಂದು ಬೇರೆ ಉಪವಾಸವೂ ಬೇಡ.

ಉರಿಯೂತ ಇದೆಯೇ ಎಂದು ಸ್ಪಷ್ಟವಾಗುವುದು ಕಾಂಟ್ರಾಸ್ಟ್ ಸಿ.ಟಿ.ಯಲ್ಲಿ. ನಾಳದ ಮುಂದೆ ಮತ್ತು ಎರಡು ಪಕ್ಕಗಳಲ್ಲಿ ಎದೆಗೆ ಶಾಲು ಹೊದಿಸಿದಂತೆ ದಪ್ಪ ಪದರ ಕಾಣುತ್ತದೆ. ಬೆನ್ನಿನ ಕಡೆ ಸಾಮಾನ್ಯವಾಗಿ ಇರುವುದಿಲ್ಲ. ಶಸ್ತ್ರಚಿಕಿತ್ಸಕರಿಗೆ ಈ ಚಿತ್ರ ಮೊದಲೇ ಬೇಕು. ಕರುಳು ಅಂಟಿರುವುದು ಗೊತ್ತಿಲ್ಲದೆ ಹೊಟ್ಟೆ ತೆರೆದರೆ ಅದಕ್ಕೆ ಗಾಯವಾದೀತು. ಸಿ.ಟಿ.ಗೆ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು.

ಗೋಡೆ ದಪ್ಪಗಿದೆಯೆಂದು ಒಡೆಯುವುದಿಲ್ಲ ಎನ್ನಲಾಗದು. ಅಗಲ 5.5 ಸೆಂ.ಮೀ. ಆದರೆ ಗಂಡಸರಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, ಇಲ್ಲವೇ ತೊಡೆಯ ನಾಳದಿಂದ ಸ್ಟೆಂಟ್. ಅದಕ್ಕಿಂತ ಚಿಕ್ಕದಿದ್ದರೂ ಬೀಡಿಯನ್ನು ಅಂದೇ ಬಿಡಬೇಕು, ಸ್ಕ್ಯಾನ್ ತಪ್ಪಿಸಬಾರದು. ಕೆಲವರಿಗೆ ಸ್ಟಿರಾಯ್ಡ್‌ನಿಂದ ಉರಿಯೂತ ಇಳಿಯುತ್ತದೆ.

ರೋಣದ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಗದಗದ ಜಿಮ್ಸ್‌ಗೆ ಚೀಟಿ ಬರೆಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆದರೆ ಹೊಟ್ಟೆಯಲ್ಲೋ ಸೊಂಟದಲ್ಲೋ ಏಕಾಏಕಿ ಸೀಳುವಂಥ ನೋವು ಬಂದು, ಬೆವರಿ ತಲೆ ತಿರುಗಿದರೆ ಚೀಟಿಗಾಗಿ ನಿಲ್ಲದೆ 108ಕ್ಕೆ ಕರೆ ಮಾಡಿ.